ಗಣಿತಜ್ಞ ಮಹಾವೀರಾಚಾರ್ಯ ಮತ್ತು ನಮ್ಮ ವರ್ಗ ಸಮೀಕರಣ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಸಂದರ್ಭದ ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದುಕೊಡಿ ಎಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಕೇಳಿದರು. ಗಾಂಧೀಜಿ, ವಿಶ್ವೇಶ್ವರಯ್ಯ, ಕುವೆಂಪು ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವ ಗುರುಗಳು ನಮ್ಮಲ್ಲಿದ್ದಾರೆ. ನಾನು ಓದಿದ್ದು ಬಿ.ಇ., ಮಾಡುವುದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಹಾಗಾಗಿ ನನ್ನ ಕೆಲಸಕ್ಕೂ, ಹತ್ತನೇ ತರಗತಿಯ ಮಕ್ಕಳ ಪುಸ್ತಕಕ್ಕೂ, ಈ ಕನ್ನಡ ನಾಡಿಗೂ ಸಂಬಂಧವಿರುವ ಒಬ್ಬರನ್ನು ಆರಿಸಿಕೊಂಡೆ. ಅವರು ಸುಮಾರು 1,175 ವರ್ಷಗಳ ಹಿಂದೆ ಗಣಿತಸಾರಸಂಗ್ರಹ ಎಂಬ ಗ್ರಂಥ ಬರೆದ ಮಹಾವೀರಾಚಾರ್ಯರು.

ಮೊದಲಿಗೇ ಒಂದು ಮಾತು ಸ್ಪಷ್ಟಪಡಿಸಬೇಕು. ಇವರು ಜೈನರ 24ನೇ ತೀರ್ಥಂಕರರಾದ ವರ್ಧಮಾನ ಮಹಾವೀರರಲ್ಲ. ಆ ತೀರ್ಥಂಕರರಿಗೆ ನಮಸ್ಕರಿಸಿ ತಮ್ಮ ಗ್ರಂಥ ಆರಂಭಿಸಿದ, ಅವರದೇ ಹೆಸರಿನ ಗಣಿತದ ಆಚಾರ್ಯರು. ತಮ್ಮ ತಂದೆ ತಾಯಿಯ ಹೆಸರನ್ನಾಗಲಿ, ಊರನ್ನಾಗಲಿ ಅವರು ಗ್ರಂಥದಲ್ಲಿ ಬರೆದುಕೊಂಡಿಲ್ಲ. ತಮ್ಮ ಬಗ್ಗೆ ಹೇಳಬೇಕಾದ ಜಾಗದಲ್ಲಿ ಅವರು ಇಬ್ಬರನ್ನು ನೆನೆಯುತ್ತಾರೆ. ಒಂದು, ತಮಗಿಂತ ಹಿಂದೆ ಗಣಿತ ಕಟ್ಟಿದ ಗುರುಪರಂಪರೆಯನ್ನು. ಇನ್ನೊಂದು, ಆಗ ನಾಡನ್ನು ಆಳುತ್ತಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು. ಆ ದೊರೆಯ ಹೆಸರು ಬಂದಿರುವುದರಿಂದಲೇ ಇವರ ಕಾಲ ನಮಗೆ ಗೊತ್ತಾಗಿದೆ. ನೃಪತುಂಗ ಪಟ್ಟಕ್ಕೆ ಬಂದದ್ದು ಕ್ರಿ.ಶ. 814ರಲ್ಲಿ. ಸುಮಾರು 64 ವರ್ಷ ಆಳಿದ. ಗಣಿತಸಾರಸಂಗ್ರಹ ಹುಟ್ಟಿದ್ದು ಕ್ರಿ.ಶ. 850ರ ಆಸುಪಾಸಿನಲ್ಲಿ.

ನೃಪತುಂಗನ ರಾಜಧಾನಿ ಮಾನ್ಯಖೇಟ. ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡ. ಈಗ ಅಲ್ಲಿ ಕೋಟೆಯ ಅವಶೇಷಗಳೂ ಹಳೆಯ ಬಸದಿಯೂ ಇವೆ. ಆಗ ಅದು ದಕ್ಷಿಣ ಭಾರತದ ದೊಡ್ಡ ರಾಜಧಾನಿಗಳಲ್ಲಿ ಒಂದು. ನಮಗೆ ಸಿಕ್ಕಿರುವ ಕನ್ನಡದ ಮೊಟ್ಟಮೊದಲ ಗ್ರಂಥ ಕವಿರಾಜಮಾರ್ಗ ಹುಟ್ಟಿದ್ದು ಇದೇ ದೊರೆಯ ಆಸ್ಥಾನದಲ್ಲಿ. ಜಿನಸೇನಾಚಾರ್ಯರಂತಹ ದೊಡ್ಡ ವಿದ್ವಾಂಸರು ಇದೇ ದೊರೆಗೆ ಗುರುಗಳಾಗಿದ್ದರು. ಬೆಂಗಳೂರಿನಲ್ಲಿ ಕೆ.ಆರ್. ಸರ್ಕಲ್ಲಿನಿಂದ ಹೊರಟು ನೃಪತುಂಗ ರಸ್ತೆಯಲ್ಲಿ ಬಸ್ಸು ಹಿಡಿಯುವ ನಮ್ಮೂರಿನ ಎಷ್ಟೋ ಜನ ಆ ಹೆಸರು ಯಾರದೆಂದು ಯೋಚಿಸಿರಲಿಕ್ಕಿಲ್ಲ. ಕನ್ನಡದ ಕಾವ್ಯಲಕ್ಷಣಕ್ಕೂ, ಈ ನಾಡಿನ ಬಹು ದೊಡ್ಡ ಗಣಿತ ಗ್ರಂಥಕ್ಕೂ ನೆರಳಾದವನು ಅವನು.

ಮಳಖೇಡಕ್ಕೂ ಮಂಡ್ಯಕ್ಕೂ ಏನು ಸಂಬಂಧ ಎಂದು ಊರಿನ ಹಿರಿಯರು ಕೇಳಬಹುದು. ಸಂಬಂಧ ಇದೆ. ಆಗ ನಮ್ಮ ಸೀಮೆ ಗಂಗರ ಆಳ್ವಿಕೆಯಲ್ಲಿತ್ತು. ಗಂಗರಿಗೂ ರಾಷ್ಟ್ರಕೂಟರಿಗೂ ವರ್ಷಗಟ್ಟಲೆ ಯುದ್ಧ ನಡೆದು, ಕೊನೆಗೆ ನೃಪತುಂಗ ತನ್ನ ಮಗಳು ಚಂದ್ರೊಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟು ಬೀಗತನ ಬೆಳೆಸಿದ. ಅದಾದ ಸುಮಾರು ನೂರು ವರ್ಷಕ್ಕೆ, ಕ್ರಿ.ಶ. 949-50ರಲ್ಲಿ, ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಶಾಸನ ಹಾಕಿಸಿದರು. ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣ ಮತ್ತು ಗಂಗರ ಇನ್ನೊಬ್ಬ ಬೂತುಗ, ಇಬ್ಬರ ಹೆಸರೂ ಅದರಲ್ಲಿದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ಹಾಕಿಸಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದೇ ತಾಲ್ಲೂಕಿನ ಆರೆತಿಪ್ಪೂರಿನಲ್ಲಿ, ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಹಳೆಯ ಜೈನ ನೆಲೆಗಳಿವೆ. ಆದ್ದರಿಂದ ಮಹಾವೀರಾಚಾರ್ಯರ ಧರ್ಮವೂ, ಅವರ ದೊರೆಯ ವಂಶವೂ ನಮ್ಮ ಸೀಮೆಗೆ ಹೊರಗಿನವಲ್ಲ.

ಇನ್ನು ಗ್ರಂಥದ ವಿಷಯ. ಆ ಕಾಲದಲ್ಲಿ ಗಣಿತವನ್ನು ಸಾಮಾನ್ಯವಾಗಿ ಜ್ಯೋತಿಷ ಮತ್ತು ಖಗೋಳ ಗ್ರಂಥದ ಒಂದೆರಡು ಅಧ್ಯಾಯವಾಗಿ ಸೇರಿಸುತ್ತಿದ್ದರು. ಆರ್ಯಭಟರೂ ಬ್ರಹ್ಮಗುಪ್ತರೂ ಹಾಗೆಯೇ ಮಾಡಿದ್ದರು. ಮಹಾವೀರಾಚಾರ್ಯರು ಗ್ರಹ ನಕ್ಷತ್ರಗಳನ್ನು ಪಕ್ಕಕ್ಕಿಟ್ಟು ಬರೀ ಗಣಿತಕ್ಕೇ ಒಂಬತ್ತು ಅಧ್ಯಾಯ, 1,100ಕ್ಕೂ ಹೆಚ್ಚು ಸಂಸ್ಕೃತ ಶ್ಲೋಕ ಬರೆದರು. ಗಣಿತ ಎಲ್ಲೆಲ್ಲಿ ಬೇಕು ಎಂದು ಆರಂಭದಲ್ಲೇ ಒಂದು ಉದ್ದನೆಯ ಪಟ್ಟಿ ಕೊಡುತ್ತಾರೆ. ವ್ಯಾಪಾರ, ಸಂಗೀತ, ನಾಟಕ, ಅಡುಗೆ, ವೈದ್ಯ, ಮನೆ ಕಟ್ಟುವುದು, ಛಂದಸ್ಸು, ವ್ಯಾಕರಣ, ಸೂರ್ಯ ಚಂದ್ರರ ಚಲನೆ, ಎಲ್ಲವೂ ಆ ಪಟ್ಟಿಯಲ್ಲಿವೆ. ಸಮುದ್ರದಿಂದ ರತ್ನ ಹೆಕ್ಕುವ ಹಾಗೆ, ಕಲ್ಲಿನಿಂದ ಚಿನ್ನ ತೆಗೆಯುವ ಹಾಗೆ, ಹಿಂದಿನವರ ಗಣಿತದಿಂದ ಸಾರವನ್ನಷ್ಟೇ ತೆಗೆದಿದ್ದೇನೆ ಎಂಬ ಭಾವದಲ್ಲಿ ವಿನಯದಿಂದ ಹೇಳಿಕೊಳ್ಳುತ್ತಾರೆ. ಸಾರಸಂಗ್ರಹ ಎಂಬ ಹೆಸರು ಬಂದದ್ದು ಅದರಿಂದಲೇ.

ಒಂಬತ್ತು ಅಧ್ಯಾಯಗಳಲ್ಲಿ ಅಳತೆಗಳ ಹೆಸರು, ಗುಣಾಕಾರ ಭಾಗಾಕಾರ ವರ್ಗಮೂಲ, ಭಿನ್ನರಾಶಿ, ತ್ರೈರಾಶಿ, ಬಡ್ಡಿ ಲೆಕ್ಕ, ಚಿನ್ನದ ಬೆರಕೆ, ಹೊಲ ಗದ್ದೆಗಳ ಕ್ಷೇತ್ರಫಲ, ಮಣ್ಣು ಅಗೆಯುವ ಲೆಕ್ಕ, ನೆರಳಿನ ಲೆಕ್ಕ ಎಲ್ಲ ಇವೆ. ಏಕ ದಶ ಶತ ಎಂದು ಎಣಿಸುತ್ತಾ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂಬ ಲೆಕ್ಕ ಕೊಟ್ಟು, ಇಂದು ಪಿ.ಯು.ಸಿ.ಯಲ್ಲಿ ಹೇಳಿಕೊಡುವ ವಿಕಲ್ಪಗಳ ಸೂತ್ರವನ್ನು ತಿಳಿಸುತ್ತಾರೆ. ಒಂದೊಂದೇ ರುಚಿಯಿಂದ ಆರೂ ಕೂಡುವವರೆಗೆ 6, 15, 20, 15, 6, 1, ಒಟ್ಟು 63 ಬಗೆ. ಇನ್ನೊಂದು ಕಡೆ ಕಾಡಿನಂಚಿಗೆ ಬಂದ 23 ಪ್ರಯಾಣಿಕರು ಬಾಳೆಹಣ್ಣಿನ 63 ಸಮನಾದ ರಾಶಿಗಳನ್ನೂ ಬಿಡಿ 7 ಹಣ್ಣನ್ನೂ ಸಮವಾಗಿ ಹಂಚಿಕೊಳ್ಳುತ್ತಾರೆ. ರಾಶಿಗೆ 5 ಹಣ್ಣಿದ್ದರೆ ಒಟ್ಟು 322 ಹಣ್ಣು, ತಲೆಗೆ 14. ಸಂತೆಯಲ್ಲಿ ಬಾಳೆಗೊನೆ ವ್ಯಾಪಾರ ಮಾಡುವ ನಮ್ಮೂರಿನವರಿಗೆ ಈ ಲೆಕ್ಕ ದೂರದ್ದು ಅನ್ನಿಸುವುದಿಲ್ಲ.

ಅವರಿಗೆ ತಮಾಷೆಯೂ ಗೊತ್ತಿತ್ತು. ಹಿಂದಿನಿಂದಲೂ ಮುಂದಿನಿಂದಲೂ ಒಂದೇ ತೆರನಾಗಿ ಓದಲು ಬರುವ ಗುಣಲಬ್ಧಗಳನ್ನು ಹುಡುಕಿ, ಕೊರಳ ಹಾರಕ್ಕೆ ಹೋಲಿಸಿದ್ದಾರೆ. 142857143ನ್ನು 7ರಿಂದ ಗುಣಿಸಿದರೆ 1000000001. 27994681ನ್ನು 441ರಿಂದ ಗುಣಿಸಿದರೆ 12345654321. ಮಕ್ಕಳು ನೋಟ್‌ಬುಕ್ಕಿನಲ್ಲಿ ಗುಣಿಸಿ ನೋಡಲಿ. ಕ್ಯಾಲ್ಕುಲೇಟರ್ ಬೇಡ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಹತ್ತನೇ ತರಗತಿಯಲ್ಲಿ ವರ್ಗ ಸಮೀಕರಣ ಎಂಬ ಅಧ್ಯಾಯವಿದೆ. ಎಸ್ಸೆಸ್ಸೆಲ್ಸಿ ಮಕ್ಕಳಲ್ಲಿ ಹಲವರು ಆ ಅಧ್ಯಾಯ ಬಂದ ಕೂಡಲೇ ಗಣಿತವನ್ನು ಕೈಬಿಡುತ್ತಾರೆ. ನಮ್ಮ ಕಡೆ ಗಣಿತ ಕೈಬಿಟ್ಟರೆ ಬಹಳ ಸಲ ಓದೇ ಕೈಬಿಟ್ಟಂತೆ. ಹುಡುಗನಾದರೆ ಆಲೆಮನೆಗೋ ಬೆಂಗಳೂರಿನ ಗಾರ್ಮೆಂಟ್ಸಿಗೋ ಹೋಗುತ್ತಾನೆ. ಹುಡುಗಿಯಾದರೆ ಮನೆಯಲ್ಲಿ ಗಂಡು ನೋಡಲು ಶುರು ಮಾಡುತ್ತಾರೆ. ನನ್ನ ದೊಡ್ಡಕ್ಕನಿಗೆ ಆದದ್ದು ಇದೇ. ಅವಳೂ ಇದೇ ಶಾಲೆಯಲ್ಲಿ ಓದಿದವಳು. ಕನ್ನಡದಲ್ಲಿ, ಸಮಾಜದಲ್ಲಿ ಒಳ್ಳೆಯ ಅಂಕ. ಗಣಿತದಲ್ಲಿ ಮಾತ್ರ ನಾಲ್ಕು ಅಂಕ ಕಡಿಮೆಯಾಯಿತು. ಮತ್ತೆ ಪರೀಕ್ಷೆ ಕಟ್ಟುವ ಮಾತು ಮನೆಯಲ್ಲಿ ಬಂತು. ಅಷ್ಟರಲ್ಲಿ ಮಳವಳ್ಳಿ ಕಡೆಯ ಸಂಬಂಧವೂ ಬಂತು. ಮದುವೆಯಾಯಿತು. ಅವಳ ಅಂಕಪಟ್ಟಿ ಇವತ್ತಿಗೂ ಅಮ್ಮನ ಟ್ರಂಕಿನಲ್ಲಿದೆ.

ಅಕ್ಕನ ಮಗಳು ಈಗ ಹತ್ತನೇ ತರಗತಿ. ಅಜ್ಜಿಯ ಮನೆಯಲ್ಲಿದ್ದುಕೊಂಡು ನಮ್ಮ ಶಾಲೆಗೇ ಬರುತ್ತಾಳೆ. ವರ್ಗ ಸಮೀಕರಣ ಬಿಟ್ಟು ಮಿಕ್ಕಿದ್ದು ಓದಿಕೊಂಡರೆ ಪಾಸಾಗಬಹುದೇ ಮಾವ ಎಂದು ಅವಳು ಫೋನಿನಲ್ಲಿ ಕೇಳಿದಾಗ ನನಗೆ ಅಕ್ಕನ ನೆನಪಾಯಿತು. ಮಹಾವೀರಾಚಾರ್ಯರ ಒಂದು ಲೆಕ್ಕವನ್ನು ಅವಳಿಗೆ ಬರೆದು ಕಳಿಸಿದೆ. ಆ ಲೆಕ್ಕ ಗ್ರಂಥದ ನಾಲ್ಕನೇ ಅಧ್ಯಾಯದಲ್ಲಿದೆ. ನನ್ನ ಮಾತಿನಲ್ಲಿ ಅದರ ಸಾರ ಹೀಗಿದೆ. ಒಂದು ಒಂಟೆಗಳ ಹಿಂಡು. ಅದರಲ್ಲಿ ನಾಲ್ಕನೇ ಒಂದು ಭಾಗ ಕಾಡಿನಲ್ಲಿ ಮೇಯುತ್ತಿದೆ. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋಗಿವೆ. ಉಳಿದ 15 ಒಂಟೆ ಹೊಳೆಯ ದಡದಲ್ಲಿವೆ. ಹಾಗಾದರೆ ಒಟ್ಟು ಎಷ್ಟು?

ಆ ಭಾನುವಾರ ಹಬ್ಬಕ್ಕೆಂದು ಅಕ್ಕ ಊರಿಗೆ ಬಂದಿದ್ದಳು. ತಾಯಿ ಮಗಳು ಇಬ್ಬರೂ ಜಗಲಿಯ ಮೇಲೆ ಹುಣಸೆ ಬೀಜ ಹರಡಿಕೊಂಡು ಕೂತರಂತೆ. ಉತ್ತರ ಮೊದಲು ಹೇಳಿದ್ದು ಅಕ್ಕ. ಅವಳ ಯೋಚನೆ ಹೀಗಿತ್ತು. ನಾಲ್ಕು ಪಾಲು ಮಾಡಲು ಬರಬೇಕು, ವರ್ಗಮೂಲವೂ ಪೂರ್ತಿಯಾಗಿ ಬರಬೇಕು. ಅಂಥ ಸಂಖ್ಯೆಗಳು 4, 16, 36, 64. ನಾಲ್ಕು ಒಂಟೆಯೆಂದರೆ ಕಾಡಿನಲ್ಲಿ 1, ಬೆಟ್ಟದಲ್ಲಿ 4, ದಡದಲ್ಲಿ 15, ಕೂಡಿದರೆ 20 ಆಗುತ್ತದೆ, ಹೊಂದುವುದಿಲ್ಲ. ಹದಿನಾರು ಎಂದರೆ 4, 8, 15, ಕೂಡಿದರೆ 27, ಅದೂ ಇಲ್ಲ. ಮೂವತ್ತಾರು ಎಂದರೆ ಕಾಡಿನಲ್ಲಿ 9, ಬೆಟ್ಟದಲ್ಲಿ 12, ದಡದಲ್ಲಿ 15. ಕೂಡಿದರೆ 36. ಸರಿಯಾಯಿತು. ಗಣಿತದಲ್ಲಿ ಫೇಲಾದವಳು ಎಂದು ಇಪ್ಪತ್ತು ವರ್ಷದಿಂದ ತನ್ನನ್ನು ತಾನೇ ಕರೆದುಕೊಳ್ಳುತ್ತಿದ್ದ ಅಕ್ಕ ವರ್ಗ ಸಮೀಕರಣವೊಂದನ್ನು ಹುಣಸೆ ಬೀಜದಲ್ಲಿ ಬಿಡಿಸಿದ್ದಳು. ಅದು ವರ್ಗ ಸಮೀಕರಣ ಎಂದು ನಾನು ಹೇಳುವವರೆಗೆ ಅವಳಿಗೆ ಗೊತ್ತಿರಲಿಲ್ಲ.

ಆದರೆ ಎಲ್ಲ ಲೆಕ್ಕವೂ ಹೀಗೆ ಊಹಿಸಿ ನೋಡಿದರೆ ಬರುವುದಿಲ್ಲ. ಸಂಖ್ಯೆ ದೊಡ್ಡದಾದರೆ, ಭಿನ್ನರಾಶಿ ಬಂದರೆ, ದಾರಿ ಬೇಕು. ಆ ದಾರಿಯನ್ನು ಮೊದಲು ನಮ್ಮ ಗದ್ದೆಯ ಮೇಲೆ ನೋಡೋಣ.

ನಮ್ಮ ಕಡೆ ಭೂಮಿ ಅಳೆಯುವ ಒಂದು ಚೈನು ಎಂದರೆ 33 ಅಡಿ. ಒಂದು ಚೈನು ಉದ್ದ, ಒಂದು ಚೈನು ಅಗಲವಿದ್ದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ನಾಲೆಯ ಬಯಲಿನಲ್ಲಿ 15 ಗುಂಟೆಯ ಒಂದು ಗದ್ದೆ ಇದೆ ಎಂದುಕೊಳ್ಳಿ. ಅದರ ಉದ್ದ ಅಗಲಕ್ಕಿಂತ 2 ಚೈನು ಹೆಚ್ಚು. ಉದ್ದ ಎಷ್ಟು, ಅಗಲ ಎಷ್ಟು?

ಹಂತ 1: ಗೊತ್ತಿಲ್ಲದ್ದಕ್ಕೆ ಹೆಸರಿಡಿ. ಅಗಲ ಅ ಆಗಿರಲಿ. ಆಗ ಉದ್ದ ಅ + 2.

ಹಂತ 2: ಗೊತ್ತಿರುವುದನ್ನು ಸಮೀಕರಣವಾಗಿ ಬರೆಯಿರಿ. ಅ × (ಅ + 2) = 15. ಅಂದರೆ ಅ² + 2ಅ = 15.

ಹಂತ 3: ಅ ಮುಂದಿರುವ ಸಂಖ್ಯೆ 2. ಅದರ ಅರ್ಧ 1. ಅದರ ವರ್ಗ 1. ಇದನ್ನು ಎರಡೂ ಕಡೆ ಕೂಡಿ. ಅ² + 2ಅ + 1 = 16.

ಹಂತ 4: ಎಡಗಡೆ ಇರುವುದು ಈಗ ಪೂರ್ಣ ವರ್ಗ. (ಅ + 1)² = 16.

ಹಂತ 5: ವರ್ಗಮೂಲ ತೆಗೆಯಿರಿ. ಅ + 1 = 4 ಅಥವಾ ಅ + 1 = −4.

ಹಂತ 6: ಅ = 3 ಅಥವಾ ಅ = −5. ಗದ್ದೆಯ ಅಗಲ ಋಣ ಸಂಖ್ಯೆ ಆಗಲಾರದು. ಆದ್ದರಿಂದ ಅಗಲ 3 ಚೈನು, ಉದ್ದ 5 ಚೈನು.

ಹಂತ 7: ತಾಳೆ ನೋಡಿ. 3 × 5 = 15 ಗುಂಟೆ. ಸರಿ.

ಮೂರನೇ ಹಂತದಲ್ಲಿ ಆ 1 ಎಲ್ಲಿಂದ ಬಂತು ಎಂಬುದೇ ಮಕ್ಕಳಿಗೆ ಅರ್ಥವಾಗದ ಜಾಗ. ಅದನ್ನು ಗದ್ದೆಯಲ್ಲೇ ನೋಡಬಹುದು. ಉದ್ದಗಲ ಎರಡೂ ಅ ಇರುವ ಚೌಕ ಗದ್ದೆ ಮೊದಲು ಬಿಡಿಸಿ. ಮಿಕ್ಕಿದ್ದು ಅ ಉದ್ದದ, 2 ಚೈನು ಅಗಲದ ಒಂದು ಪಟ್ಟಿ. ಆ ಪಟ್ಟಿಯನ್ನು ಉದ್ದಕ್ಕೆ ಸೀಳಿ ಎರಡು ಮಾಡಿ. ಒಂದೊಂದರ ಅಗಲ 1 ಚೈನು. ಒಂದನ್ನು ಚೌಕದ ಪೂರ್ವಕ್ಕೂ ಇನ್ನೊಂದನ್ನು ದಕ್ಷಿಣಕ್ಕೂ ಜೋಡಿಸಿ. ಈಗ ಹೆಚ್ಚು ಕಡಿಮೆ ದೊಡ್ಡ ಚೌಕವೇ ಆಯಿತು, ಆದರೆ ಆಗ್ನೇಯದ ಮೂಲೆಯಲ್ಲಿ ಒಂದು ಗುಂಟೆಯಷ್ಟು ಜಾಗ ಖಾಲಿ. ಆ ಮೂಲೆ ತುಂಬಿದರೆ ಚೌಕ ಪೂರ್ಣ. ಹದಿನೈದಕ್ಕೆ ಒಂದು ಸೇರಿ ಹದಿನಾರು ಗುಂಟೆಯ ಚೌಕ, ಪಕ್ಕ 4 ಚೈನು. ವರ್ಗ ಪೂರ್ಣಗೊಳಿಸುವುದು ಎಂದರೆ ಖಾಲಿ ಬಿದ್ದ ಮೂಲೆ ತುಂಬುವುದು. ಇಷ್ಟು ತಿಳಿದರೆ ಸೂತ್ರ ಮರೆತರೂ ಲೆಕ್ಕ ನಿಲ್ಲುವುದಿಲ್ಲ.

ಈ ಚಿತ್ರ ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಮಹಾವೀರಾಚಾರ್ಯರಿಗಿಂತ ಸ್ವಲ್ಪ ಹಿಂದೆ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿ ಎಂಬ ಪಂಡಿತರು ವರ್ಗ ಸಮೀಕರಣವನ್ನು ಹೀಗೆಯೇ ಚೌಕ ಬಿಡಿಸಿ ವಿವರಿಸಿದ್ದರು. ಅವರ ಗ್ರಂಥದ ಹೆಸರಿನಿಂದ ಆಲ್ಜೀಬ್ರ ಎಂಬ ಪದ ಬಂತು, ಅವರ ಹೆಸರಿನಿಂದಲೇ ಅಲ್ಗಾರಿದಮ್ ಎಂಬ ಪದ ಬಂತು. ಸಾಫ್ಟ್‌ವೇರ್ ಕೆಲಸ ಮಾಡುವ ನಾವು ದಿನಕ್ಕೆ ಹತ್ತು ಸಲ ಹೇಳುವ ಪದ ಅದು. ಒಂದು ಕೆಲಸವನ್ನು ಯಾರು ಮಾಡಿದರೂ ಅದೇ ಉತ್ತರ ಬರುವ ಹಾಗೆ ಹಂತ ಹಂತವಾಗಿ ಬರೆದಿಡುವುದೇ ಅಲ್ಗಾರಿದಮ್. ಬಾಗ್ದಾದಿನಲ್ಲಿ ಒಬ್ಬರು ಅದನ್ನು ಮಾಡಿದ ಕಾಲಕ್ಕೆ ಸ್ವಲ್ಪ ಈಚೆ, ನೃಪತುಂಗನ ನಾಡಿನಲ್ಲಿ ಇನ್ನೊಬ್ಬರು ಶ್ಲೋಕದಲ್ಲಿ ಅದನ್ನೇ ಮಾಡುತ್ತಿದ್ದರು. ಅದಕ್ಕೂ ಬಹಳ ಹಿಂದೆ ಬ್ಯಾಬಿಲೋನಿಯಾದವರು ಜೇಡಿಮಣ್ಣಿನ ಹಲಗೆಗಳ ಮೇಲೆ ಇಂಥ ಲೆಕ್ಕ ಬರೆದಿದ್ದರು. ಗಣಿತ ಒಂದು ದೇಶದ, ಒಂದು ಜಾತಿಯ, ಒಂದು ಭಾಷೆಯ ಸ್ವತ್ತಲ್ಲ.

ಈಗ ಒಂಟೆಗಳ ಲೆಕ್ಕಕ್ಕೆ ಮಹಾವೀರಾಚಾರ್ಯರು ಕೊಟ್ಟ ನಿಯಮವನ್ನು ನೋಡೋಣ. ಅವರು ಅಕ್ಷರಗಳಲ್ಲಿ ಸಮೀಕರಣ ಬರೆಯಲಿಲ್ಲ. ಏನು ಮಾಡಬೇಕೆಂದು ಮಾತಿನಲ್ಲಿ ಹೇಳಿದರು. ಅದನ್ನು ನಮ್ಮ ಹಂತಗಳಾಗಿ ಬರೆದರೆ ಹೀಗಾಗುತ್ತದೆ.

ಹಂತ 1: ಒಂದರಿಂದ ಭಿನ್ನರಾಶಿಯ ಭಾಗವನ್ನು ಕಳೆಯಿರಿ. 1 − 1/4 = 3/4.

ಹಂತ 2: ವರ್ಗಮೂಲದ ಸಹಗುಣಕದ ಅರ್ಧ ತೆಗೆದುಕೊಳ್ಳಿ. 2ರ ಅರ್ಧ 1. ಅದನ್ನು 3/4ರಿಂದ ಭಾಗಿಸಿ. ಬಂದದ್ದು 4/3.

ಹಂತ 3: ಉಳಿದ 15ನ್ನೂ 3/4ರಿಂದ ಭಾಗಿಸಿ. ಬಂದದ್ದು 20.

ಹಂತ 4: 4/3ರ ವರ್ಗ 16/9. ಅದನ್ನು 20ಕ್ಕೆ ಕೂಡಿ. 196/9.

ಹಂತ 5: ಅದರ ವರ್ಗಮೂಲ 14/3.

ಹಂತ 6: ಅದಕ್ಕೆ 4/3 ಕೂಡಿ. 18/3, ಅಂದರೆ 6.

ಹಂತ 7: ಅದರ ವರ್ಗ 36. ಇದೇ ಹಿಂಡಿನ ಒಂಟೆಗಳ ಸಂಖ್ಯೆ.

ಇಂದಿನ ರೀತಿಯಲ್ಲಿ ಮಾಡಿದರೂ ಅದೇ ದಾರಿ. ಹಿಂಡಿನ ವರ್ಗಮೂಲವನ್ನು ಮ ಎನ್ನೋಣ. ಹಿಂಡು ಮ². ಆಗ ಮ²/4 + 2ಮ + 15 = ಮ². ಇದನ್ನು ಸರಿಪಡಿಸಿ ಬರೆದರೆ 3ಮ² − 8ಮ − 60 = 0. ಪುಸ್ತಕದ ಸೂತ್ರ ಹಾಕಿದರೆ ವರ್ಗಮೂಲದ ಒಳಗೆ 64 + 720 = 784 ಬರುತ್ತದೆ. ಅದರ ವರ್ಗಮೂಲ 28. ಆದ್ದರಿಂದ ಮ = (8 + 28)/6 = 6. ಇನ್ನೊಂದು ಮೂಲ −10/3, ಅದು ಒಂಟೆಯ ಲೆಕ್ಕಕ್ಕೆ ಹೊಂದುವುದಿಲ್ಲ. ಸಮೀಕರಣವನ್ನು 3ರಿಂದ ಭಾಗಿಸಿ ವರ್ಗ ಪೂರ್ಣಗೊಳಿಸಿದವರಿಗೆ ಆಚಾರ್ಯರ 4/3, 20, 196/9 ಎಲ್ಲವೂ ಅದೇ ಕ್ರಮದಲ್ಲಿ ಕಣ್ಣಿಗೆ ಬೀಳುತ್ತವೆ. ಖಾಲಿ ಮೂಲೆ ಇಲ್ಲಿಯೂ ಇದೆ. ಅದರ ಅಳತೆ 16/9.

ನನ್ನ ಕೆಲಸದ ದೃಷ್ಟಿಯಿಂದ ನೋಡಿದರೆ ಇದು ಒಂದು ಸಣ್ಣ ಪ್ರೋಗ್ರಾಂ. ಭಿನ್ನರಾಶಿ, ಸಹಗುಣಕ, ಉಳಿಕೆ, ಈ ಮೂರನ್ನು ಕೊಟ್ಟರೆ ಉತ್ತರ ಬರುತ್ತದೆ. ಒಂಟೆಯ ಬದಲು ಆನೆ ಇರಲಿ, ದುಂಬಿ ಇರಲಿ, ನಿಯಮ ಬದಲಾಗುವುದಿಲ್ಲ. ಏಳು ಹಂತದ ಆ ನಿಯಮವನ್ನು ನಾನು ಕಂಪ್ಯೂಟರಿನಲ್ಲಿ ಬರೆದು ನೋಡಿದ್ದೇನೆ. ಹತ್ತು ಸಾಲೂ ಬೇಕಾಗಲಿಲ್ಲ.

ಇನ್ನೊಂದು ವಿಷಯದಲ್ಲಿ ನನಗೆ ಅವರ ಮೇಲೆ ಬಹಳ ಗೌರವ. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬುದನ್ನು ಅವರು ಸ್ಪಷ್ಟವಾಗಿ ಗುರುತಿಸಿದರು. ಹತ್ತನೇ ತರಗತಿಯಲ್ಲಿ ಶೋಧಕ ಸೊನ್ನೆಗಿಂತ ಕಡಿಮೆಯಾದರೆ ವಾಸ್ತವ ಮೂಲಗಳಿಲ್ಲ ಎಂದು ಬರೆಯುತ್ತೇವಲ್ಲ, ಅದರ ಬೇರು ಇದೇ. ಪ್ರೋಗ್ರಾಂ ಬರೆಯುವಾಗಲೂ ವರ್ಗಮೂಲ ತೆಗೆಯುವ ಮುನ್ನ ಒಳಗಿರುವ ಸಂಖ್ಯೆ ಋಣವೇ ಎಂದು ಪರೀಕ್ಷಿಸದಿದ್ದರೆ ಮುಂದೆ ತೊಂದರೆ ತಪ್ಪಿದ್ದಲ್ಲ. ಉತ್ತರವಿಲ್ಲ ಎಂದು ತಿಳಿಯುವುದೂ ಒಂದು ಉತ್ತರ. ಋಣ ಸಂಖ್ಯೆಗಳ ವರ್ಗಮೂಲಕ್ಕೆ ಒಂದು ಹೊಸ ಬಗೆಯ ಸಂಖ್ಯೆಯನ್ನೇ ಸೃಷ್ಟಿಸುವ ಕೆಲಸ 16ನೇ ಶತಮಾನದ ಇಟಲಿಯಲ್ಲಿ ಶುರುವಾಯಿತು. ಅಂದರೆ ಇವರಾದ ಮೇಲೆ ಏಳು ಶತಮಾನ ಹಿಡಿಯಿತು.

ಹೊಗಳಿಕೆಯ ಜೊತೆಗೆ ಅವರು ಎಡವಿದ ಜಾಗವನ್ನೂ ಹೇಳುವುದು ನ್ಯಾಯ. ಯಾವ ಸಂಖ್ಯೆಯನ್ನೇ ಆಗಲಿ ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಎಂದು ಅವರು ಬರೆದರು. ಅದು ಸರಿಯಲ್ಲ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ ಎಂದು ಈಗ ಏಳನೇ ತರಗತಿಯ ಮಗುವಿಗೂ ಹೇಳಿಕೊಡುತ್ತೇವೆ. ಸುಮಾರು ಮುನ್ನೂರು ವರ್ಷದ ನಂತರ ಬಂದ ಭಾಸ್ಕರಾಚಾರ್ಯರು ಇದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ನೋಡಿದರು. ಅಷ್ಟು ದೊಡ್ಡ ಆಚಾರ್ಯರೇ ಒಂದು ಕಡೆ ತಪ್ಪಿದ್ದಾರೆ, ಆದರೂ ಅವರ ಗ್ರಂಥ ಸಾವಿರ ವರ್ಷ ಬಾಳಿದೆ. ಪರೀಕ್ಷೆಯಲ್ಲಿ ಒಂದು ಲೆಕ್ಕ ತಪ್ಪಿದ ಮಗುವಿಗೆ ನಿನ್ನ ತಲೆಗೆ ಗಣಿತ ಹತ್ತುವುದಿಲ್ಲ ಎನ್ನುವ ಮುನ್ನ ನಾವು ದೊಡ್ಡವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಅವರು ಬರೆದ ಗ್ರಂಥ ದಕ್ಷಿಣ ಭಾರತದಲ್ಲಿ ಶತಮಾನಗಟ್ಟಲೆ ಪಾಠಪುಸ್ತಕವಾಗಿತ್ತು. 11ನೇ ಶತಮಾನದ ಸುಮಾರಿಗೆ ಪಾವುಲೂರಿ ಮಲ್ಲನ ಎಂಬ ಕವಿ ಅದನ್ನು ತೆಲುಗಿಗೆ ತಂದರು. ಕನ್ನಡದಲ್ಲಿ ಅದಕ್ಕೆ ಟೀಕೆ ಹುಟ್ಟಿತು. 12ನೇ ಶತಮಾನದಲ್ಲಿ ರಾಜಾದಿತ್ಯ ಕವಿ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಆಮೇಲೆ ಕಾಲ ಬದಲಾಯಿತು. ಶಾಲೆಯ ಗಣಿತ ಇಂಗ್ಲಿಷರ ಪುಸ್ತಕದಿಂದ ಬರತೊಡಗಿತು. ಮಹಾವೀರಾಚಾರ್ಯರ ಓಲೆಗರಿಗಳು ಬಸದಿಗಳಲ್ಲಿ, ಗ್ರಂಥಭಂಡಾರಗಳಲ್ಲಿ ಉಳಿದವು. ಅವುಗಳನ್ನು ಹೊರಗೆ ತಂದವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು. ಸರ್ಕಾರಿ ಹಸ್ತಪ್ರತಿ ಭಂಡಾರವನ್ನೂ ನೋಡಿಕೊಳ್ಳುತ್ತಿದ್ದ ಅವರು ಹಲವು ಪ್ರತಿಗಳನ್ನು ಕೂಡಿಸಿ ಹೋಲಿಸಿದರು. ಅವುಗಳಲ್ಲಿ ಕನ್ನಡ ಲಿಪಿಯ ತಾಳೆಗರಿಗಳೂ ಇದ್ದವು. 1912ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪುಸ್ತಕ ಅಚ್ಚಾಯಿತು. ಅದಕ್ಕೆ ನಾಲ್ಕು ವರ್ಷ ಮೊದಲೇ, 1908ರಲ್ಲಿ, ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ರೋಮ್ ನಗರದ ಗಣಿತ ಸಮ್ಮೇಳನದಲ್ಲಿ ಈ ಗ್ರಂಥದ ಬಗ್ಗೆ ಪ್ರಬಂಧ ಓದಿದ್ದರು. 2000ದಲ್ಲಿ ಡಾ. ಪದ್ಮಾವತಮ್ಮ ಅವರು ಮಾಡಿದ ಕನ್ನಡ ಅನುವಾದ ಹೊಂಬುಜದಿಂದ ಪ್ರಕಟವಾಯಿತು. ತಾಳೆಗರಿಯನ್ನು ಗೆದ್ದಲು ತಿನ್ನದಂತೆ ನೂರಾರು ವರ್ಷ ಪ್ರತಿ ಮಾಡಿ ಮಾಡಿ ಉಳಿಸಿದ, ಹೆಸರೇ ಬರೆದುಕೊಳ್ಳದ ಲಿಪಿಕಾರರಿಗೂ ಈ ಕೀರ್ತಿಯಲ್ಲಿ ಪಾಲಿದೆ.

ನಾನು ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಬಿ.ಇ.ಗೆ ಸೇರಿದಾಗ ಪಾಠವೆಲ್ಲ ಇಂಗ್ಲಿಷಿನಲ್ಲಿತ್ತು. ಮೊದಲ ಸೆಮಿಸ್ಟರಿನಲ್ಲಿ ಪದಗಳು ಕಷ್ಟವಾದವು, ಗಣಿತ ಕಷ್ಟವಾಗಲಿಲ್ಲ. ಏಕೆಂದರೆ ನಮ್ಮ ಗಣಿತದ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಒಂದು ಹಂತವನ್ನೂ ಹಾರಿಸದೆ ಬರೆಯುತ್ತಿದ್ದರು. ಉತ್ತರ ಬಂದ ಮೇಲೆ ತಾಳೆ ನೋಡದೆ ಅಳಿಸುತ್ತಿರಲಿಲ್ಲ. ಹಂತ ಬರೆಯುವುದು, ಹೊಂದದ ಉತ್ತರವನ್ನು ಕಾರಣ ಕೊಟ್ಟು ಬಿಡುವುದು, ಕೊನೆಗೆ ತಾಳೆ ನೋಡುವುದು, ಈ ಮೂರು ಅಭ್ಯಾಸಗಳೇ ಇವತ್ತಿಗೂ ನನಗೆ ಸಂಬಳ ಕೊಡುತ್ತಿವೆ ಎಂದರೆ ಉತ್ಪ್ರೇಕ್ಷೆಯಲ್ಲ.

ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ನನ್ನದು ಎರಡು ಕೋರಿಕೆ. ನಮ್ಮ ಶಾಲೆಯ ಗ್ರಂಥಾಲಯಕ್ಕೆ ಗಣಿತಸಾರಸಂಗ್ರಹದ ಕನ್ನಡ ಅನುವಾದದ ಪ್ರತಿಯೊಂದು ಬರಲಿ. ಅದರ ವೆಚ್ಚ ನನ್ನದು. ಎರಡನೆಯದು ಪೋಷಕರಿಗೆ. ಗಣಿತದಲ್ಲಿ ನಾಲ್ಕೈದು ಅಂಕ ಕಡಿಮೆಯಾದ ಮಗುವಿನ ಓದನ್ನು, ಅದರಲ್ಲೂ ಹೆಣ್ಣುಮಕ್ಕಳ ಓದನ್ನು, ಅಲ್ಲಿಗೇ ನಿಲ್ಲಿಸಬೇಡಿ. ಮತ್ತೆ ಪರೀಕ್ಷೆ ಬರೆಯಲು ಅವಕಾಶ ಇದೆ. ಕಟ್ಟಿಸಿ. ರಜೆಯಲ್ಲಿ ಊರಿಗೆ ಬಂದಾಗ ನಾವು ಕೆಲವು ಹಳೆಯ ವಿದ್ಯಾರ್ಥಿಗಳು ಭಾನುವಾರ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಗಣಿತ ಹೇಳಿಕೊಡಲು ಮುಖ್ಯೋಪಾಧ್ಯಾಯರ ಅನುಮತಿ ಕೇಳಿದ್ದೇವೆ. ದೊಡ್ಡಕ್ಕನೂ ಬರುತ್ತೇನೆ ಎಂದಿದ್ದಾಳೆ. ಬಿಟ್ಟಿದ್ದ ಆ ಒಂದು ವಿಷಯವನ್ನು ಕಟ್ಟಲು ಅವಳೂ ಮನಸ್ಸು ಮಾಡಿದ್ದಾಳೆ.

ಬರುವ ಮಕ್ಕಳು ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ಹಿಡಿ ಹುಣಸೆ ಬೀಜ ತರಲಿ.